ಓದುಗರ ಪ್ರಶ್ನೆ: ಬಾರ್ಕರ್ ಮತ್ತು ನಾಲ್ಕು ಮೇಣದಬತ್ತಿ

ಪ್ರಶ್ನೆ: ಬ್ರಿಟನ್ನಿನ ಹಾಸ್ಯನಟ ರಾನಿ ಬಾರ್ಕರ್ ಬೇರೆ ಹೆಸರಿನಲ್ಲಿ ಬರೆದದ್ದೇಕೆ? ಅವರ ಮೇಣದಬತ್ತಿ ಪ್ರಹಸನದಲ್ಲಿ ಅಷ್ಟು ನಗು ಬರುವುದು ಎಲ್ಲಿಂದ?

ಉತ್ತರ: ನಟನ ಹೆಸರು ನೋಡಿ ಯಾರೂ ಮೆಚ್ಚಬಾರದು, ಬರಹ ತನ್ನ ಬಲದಿಂದಲೇ ಆಯ್ಕೆಯಾಗಬೇಕು ಎಂದು ಅವರು ಜೆರಾಲ್ಡ್ ವೈಲಿ ಆದರು.

1976ರ ಆ ಪ್ರಹಸನದ ಕೀಲಿ ಇರುವುದು ಉಚ್ಚಾರಣೆಯಲ್ಲಿ. ಗಿರಾಕಿ ಬಾರ್ಕರ್ 'ಹ'ಕಾರ ನುಂಗಿ ಮಾತಾಡುತ್ತಾರೆ. ಅಂಗಡಿಯಾತನಾದ ಸಹನಟ ರಾನಿ ಕಾರ್ಬೆಟ್ ಕಿವಿಗೆ ಬೀಳುವುದು 'ಫೋರ್ ಕ್ಯಾಂಡಲ್ಸ್'. ನಾಲ್ಕು ಮೇಣದಬತ್ತಿ ತಂದಿಡುತ್ತಾರೆ. ಬೇಕಿದ್ದದ್ದು 'ಫೋರ್ಕ್ ಹ್ಯಾಂಡಲ್ಸ್', ಅಂದರೆ ತೋಟದ ಫೋರ್ಕಿನ ಹಿಡಿಗಳು! ಮುಂದೆ ಕೇಳುವ 'ಓಸ್' ಇನ್ನೂ ಮೋಜು: 'ಹೋಸ್' ಎಂಬ ಗುದ್ದಲಿಯೋ, ಅದೇ ಉಚ್ಚಾರಣೆಯ 'ಹೋಸ್' ಎಂಬ ನೀರಿನ ಪೈಪೋ, ಗೇಟಿಗೆ ಅಂಟಿಸುವ 'ಓ' ಅಕ್ಷರವೋ? ಅಂಗಡಿಯಾತನ ತಾಳ್ಮೆ ಮೆಲ್ಲಗೆ ಸವೆಯಬೇಕು. ಆರಂಭದಲ್ಲೇ ಸಿಡುಕಿದರೆ ಆಟ ಕೆಟ್ಟಂತೆ. ಅನುವಾದಕ್ಕಂತೂ ಇದು ಬಗ್ಗದು.

ನಿವೃತ್ತಿಯ ಬಳಿಕ ಬಾರ್ಕರ್ ತಾವೇ ಅಂಗಡಿ ಇಟ್ಟರು, ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್ ಪಟ್ಟಣದಲ್ಲಿ. ಮಾರಿದ್ದು ಹಳೆಯ ಕಾಲದ ವಸ್ತುಗಳನ್ನು.