ಎಂಪಿ ಹಾಕಿದ ಓಟು ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ

ಪ್ರಶ್ನೆ: 2020ರ ಕೃಷಿ ಕಾಯ್ದೆಗಳಿಗೆ ಆಗಿನ ನಮ್ಮ ಎಂಪಿ ಪರವಾಗಿ ಮತ ಹಾಕಿದ್ದರೋ ಇಲ್ಲವೋ ಎಂದು ನಮ್ಮಲ್ಲಿ ವಾದ ಬಿದ್ದಿದೆ. ನೆಟ್‌ನಲ್ಲಿ ಎಷ್ಟು ತಡಕಿದರೂ ಸಿಗುತ್ತಿಲ್ಲ. ಎಲ್ಲಿ ನೋಡಬೇಕು? (ಸಿಂಧನೂರಿನ ಓದುಗರು)

ಉತ್ತರ: ಮೊದಲು ಹುಡುಕುತ್ತಿರುವ ಹೆಸರು ಸರಿಯೇ ನೋಡಿಕೊಳ್ಳಿ. ಸಿಂಧನೂರು, ಮಸ್ಕಿ ಇರುವುದು ರಾಯಚೂರು ಜಿಲ್ಲೆಯಲ್ಲಿ, ಓಟು ಮಾತ್ರ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ್ದೂ ಇದೇ ಕತೆ. ಹಾಗಾಗಿ 2020ರಲ್ಲಿ ನಿಮ್ಮ ಸಂಸದರು ಕೊಪ್ಪಳದ ಕರಡಿ ಸಂಗಣ್ಣ. ರಾಯಚೂರಿನ ರಾಜಾ ಅಮರೇಶ್ವರ ನಾಯಕ ಅಲ್ಲ.

ಇನ್ನು ಓಟಿನ ವಿಷಯ. ಅದು ಸಿಗುವುದಿಲ್ಲ, ಏಕೆಂದರೆ ದಾಖಲೆಯೇ ಇಲ್ಲ. ಆ ಮಸೂದೆಗಳು 2020ರ ಸೆಪ್ಟೆಂಬರ್‌ನಲ್ಲಿ ಎರಡೂ ಸದನಗಳಲ್ಲಿ ಧ್ವನಿಮತದಿಂದ ಪಾಸಾದವು. 2021ರ ನವೆಂಬರ್ 29ರಂದು ಅವುಗಳನ್ನು ರದ್ದು ಮಾಡಿದ ಮಸೂದೆಯೂ ಹಾಗೇ ಪಾಸಾಯಿತು. ಪರವಾಗಿರುವವರು ‘ಹೌದು’ ಎನ್ನುತ್ತಾರೆ, ವಿರೋಧಿಗಳು ‘ಇಲ್ಲ’ ಎನ್ನುತ್ತಾರೆ, ಯಾವ ದನಿ ದೊಡ್ಡದೆಂದು ಪೀಠದಲ್ಲಿರುವವರು ತೀರ್ಮಾನಿಸುತ್ತಾರೆ. ಯಾರು ಬಾಯಿ ತೆರೆದರು, ಯಾರು ಸುಮ್ಮನೆ ಕೂತರು ಎಂದು ಯಾರೂ ಬರೆದಿಡುವುದಿಲ್ಲ. ನಮ್ಮ ಸಂಸತ್ತಿನಲ್ಲಿ ಹೆಚ್ಚಿನ ಮಸೂದೆಗಳು ಪಾಸಾಗುವುದು ಹೀಗೆಯೇ. ಆದ್ದರಿಂದ ‘ನಮ್ಮ ಎಂಪಿ ನೂರು ಮಸೂದೆಗೆ ಓಟು ಹಾಕಿದ್ದಾರೆ’ ಎಂದು ಯಾರಾದರೂ ಪೋಸ್ಟರ್ ಹಾಕಿದರೆ ಪುರಾವೆ ಕೇಳಿ.

ಹೆಸರು ಸಿಗುವುದು ಮತವಿಭಜನೆ ಆದಾಗ ಮಾತ್ರ. ಪೀಠದ ತೀರ್ಪನ್ನು ಸದಸ್ಯರು ಒಪ್ಪದೆ ‘ಡಿವಿಷನ್’ ಎಂದು ಪಟ್ಟು ಹಿಡಿದರೆ ಗಂಟೆ ಬಾರಿಸಿ, ಬಾಗಿಲು ಹಾಕಿ, ಯಂತ್ರದಿಂದಲೋ ಚೀಟಿಯಿಂದಲೋ ಮತ ಪಡೆಯುತ್ತಾರೆ. ಯಂತ್ರದಲ್ಲಿ ಹಸಿರು ಗುಂಡಿ ಪರ, ಕೆಂಪು ವಿರೋಧ, ಹಳದಿ ತಟಸ್ಥ. ಸಂವಿಧಾನ ತಿದ್ದುಪಡಿಗೆ ಮಾತ್ರ ಯಾರೂ ಪಟ್ಟು ಹಿಡಿಯಬೇಕಿಲ್ಲ. ಸದನದ ಒಟ್ಟು ಬಲದ ಬಹುಮತ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ, ಈ ಎರಡೂ ಲೆಕ್ಕ ಕೂಡಿಬರಬೇಕಾದ್ದರಿಂದ ತಲೆ ಎಣಿಸಲೇಬೇಕು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನದ 371ಜೆ ವಿಧಿ ತಂದ ಮಸೂದೆ 2012ರ ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದದ್ದು ಇದೇ ದಾರಿಯಲ್ಲಿ. ಆಗ ಬಳ್ಳಾರಿಯಿಂದ ಜೆ. ಶಾಂತಾ, ರಾಯಚೂರಿನಿಂದ ಸಣ್ಣ ಫಕೀರಪ್ಪ, ಕೊಪ್ಪಳದಿಂದ ಶಿವರಾಮಗೌಡ ಸಂಸದರಾಗಿದ್ದರು. ಮೂವರ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ನೀವೇ ನೋಡಬಹುದು.

ನೋಡುವುದು ಹೀಗೆ. ಸಂಸತ್ತಿನ ‘ಸನ್ಸದ್ ಡಾಟ್ ಇನ್’ ತಾಣದಲ್ಲಿ ಲೋಕಸಭೆಯ ಚರ್ಚೆಗಳ ವಿಭಾಗಕ್ಕೆ ಹೋಗಿ, ಮತದಾನ ನಡೆದ ದಿನದ ಪೂರ್ತಿ ಪಿಡಿಎಫ್ ಇಳಿಸಿಕೊಳ್ಳಿ. ಒಳಗೆ ಇಂಗ್ಲಿಷಿನಲ್ಲಿ ‘ಡಿವಿಷನ್’ ಎಂದು ಹುಡುಕಿ. ತೀರಾ ಹಳೆಯ ಕಲಾಪಗಳು ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿವೆ. ತಾರೀಖು ಹಾಕುವಾಗ ಹುಷಾರು. ವಕ್ಫ್ ತಿದ್ದುಪಡಿ ಮಸೂದೆ 288–232 ಮತಗಳಿಂದ ಪಾಸಾಗಿದ್ದು 2025ರ ಏಪ್ರಿಲ್ 2ರ ಮಧ್ಯರಾತ್ರಿ ದಾಟಿದ ಮೇಲೆ. ಪತ್ರಿಕೆಗಳು ಏಪ್ರಿಲ್ 3 ಎನ್ನುತ್ತವೆ. ಕಲಾಪ ಶುರುವಾಗಿದ್ದು 2ರಂದು, ಅಲ್ಲೇ ಹುಡುಕಬೇಕು. 2024ರಲ್ಲಿ ಗೆದ್ದ ಇ. ತುಕಾರಾಂ (ಬಳ್ಳಾರಿ), ಜಿ. ಕುಮಾರ ನಾಯಕ (ರಾಯಚೂರು), ರಾಜಶೇಖರ ಹಿಟ್ನಾಳ (ಕೊಪ್ಪಳ) ಮೂವರ ಓಟನ್ನೂ ನೋಡಲು ಇದು ಒಳ್ಳೆಯ ಶುರು.

ಜನ ಎಡವುವುದು ಇನ್ನೆರಡು ಕಡೆ. ಒಂದೇ ಮಸೂದೆಗೆ ಹಲವು ಸಲ ಮತವಿಭಜನೆ ಆಗುತ್ತದೆ: ವಿರೋಧ ಪಕ್ಷದವರು ತಂದ ತಿದ್ದುಪಡಿಗೆ, ಕಲಮುಗಳಿಗೆ, ಕೊನೆಗೆ ಮಸೂದೆ ಅಂಗೀಕಾರಕ್ಕೆ. ತಿದ್ದುಪಡಿಯ ಪಟ್ಟಿಯಲ್ಲಿ ‘ಇಲ್ಲ’ ಎಂದಿರುವ ಆಡಳಿತ ಪಕ್ಷದ ಸಂಸದ ಮಸೂದೆಯ ಪರ ಇರುವವನು! ಆ ಒಂದು ಪುಟದ ಸ್ಕ್ರೀನ್‌ಶಾಟ್ ಹಿಡಿದು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವವರಿದ್ದಾರೆ. ಪಟ್ಟಿಯ ಮೇಲೆ ಯಾವ ಪ್ರಸ್ತಾವ ಬರೆದಿದೆ ಎಂದು ಮೊದಲು ಓದಿ. ಎರಡನೆಯದು, ಬೋರ್ಡಿನ ಮೇಲೆ ಬರುವ ಅಂಕಿ ಅಂತಿಮವಲ್ಲ, ‘ಸರಿಪಡಿಕೆಗೆ ಒಳಪಟ್ಟದ್ದು’. ಗುಂಡಿ ಸರಿಯಾಗಿ ಒತ್ತದವರು, ತಪ್ಪು ಗುಂಡಿ ಒತ್ತಿದವರು ಚೀಟಿ ಕೊಟ್ಟು ಸರಿಪಡಿಸಿಕೊಳ್ಳುತ್ತಾರೆ. ಅದು ನಕ್ಷತ್ರ ಗುರುತು ಹಾಕಿಯೋ ಅಡಿಟಿಪ್ಪಣಿಯಲ್ಲೋ ಇರುತ್ತದೆ. ಅದನ್ನು ಓದದೆ ‘ನಮ್ಮ ಎಂಪಿ ಗೈರು’ ಎಂದು ತೀರ್ಪು ಕೊಡಬೇಡಿ.

ಪ್ರಶ್ನೆ: ಹಾಜರಿ ಶೇ 90 ದಾಟಿದರೆ ಒಳ್ಳೆಯ ಸಂಸದ ಎನ್ನಬಹುದೇ? (ಗಂಗಾವತಿಯ ಓದುಗರು)

ಉತ್ತರ: ಹಾಜರಿ ಎಂದರೆ ಆ ದಿನ ಹೆಸರು ದಾಖಲಾಗಿದೆ ಎಂದಷ್ಟೇ ಅರ್ಥ. ಹಾಜರಿ ಹಾಕಿ ಕ್ಯಾಂಟೀನಿಗೆ ಹೋದವರಿಗೂ ಅಷ್ಟೇ ಅಂಕ. ಮಂತ್ರಿಗಳು ಹಾಜರಿ ಹಾಕುವುದೇ ಇಲ್ಲ, ಅವರ ಖಾನೆ ಖಾಲಿಯಿದ್ದರೆ ಗೈರು ಎಂದುಕೊಳ್ಳಬೇಡಿ. ಹಾಜರಿ, ಚರ್ಚೆ, ಪ್ರಶ್ನೆಗಳ ಲೆಕ್ಕವನ್ನು ಪಿಆರ್‌ಎಸ್ ಸಂಸ್ಥೆ ಒಟ್ಟು ಮಾಡಿ ಕೊಡುತ್ತದೆ.

ನನ್ನ ಅಭಿಪ್ರಾಯದಲ್ಲಿ ಸಂಸದರನ್ನು ಅಳೆಯಲು ಪ್ರಶ್ನೆಗಳೇ ಮೇಲು, ಆದರೆ ಎಣಿಕೆ ಸಾಲದು. ಲೋಕಸಭೆಯಲ್ಲಿ ದಿನಕ್ಕೆ ಮೌಖಿಕ ಉತ್ತರದ ಚುಕ್ಕೆ ಗುರುತಿನ ಪ್ರಶ್ನೆ 20, ಲಿಖಿತ ಉತ್ತರದ ಚುಕ್ಕೆ ರಹಿತ ಪ್ರಶ್ನೆ 230. ಹಲವರು ಕೇಳಿದ ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸುವುದೂ ಉಂಟು. ಆಗ ಎಲ್ಲರ ಖಾತೆಗೂ ಒಂದೊಂದು ಜಮೆ. ಹಾಗಾಗಿ ಪಠ್ಯ ತೆರೆದು ಓದಿ. ನಮ್ಮ ಭಾಗದವರು ಹಾಕಬೇಕಾದ ಹುಡುಕು ಪದಗಳು: ತುಂಗಭದ್ರಾ, ಗಿಣಿಗೇರಾ ರೈಲು ಮಾರ್ಗ, ರಾಯಚೂರು ಏಮ್ಸ್. 2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲಿನ ಅಧಿವೇಶನಗಳಲ್ಲಿ ಜಲಶಕ್ತಿ ಸಚಿವಾಲಯಕ್ಕೆ ಯಾರು ಏನು ಕೇಳಿದರು ಎಂದು ನೋಡಿದರೆ ಹಾಜರಿ ಪಟ್ಟಿಗಿಂತ ಹೆಚ್ಚು ತಿಳಿಯುತ್ತದೆ.

ಪ್ರಶ್ನೆ: ಊರಲ್ಲಿ ಒಂದು ಹೇಳಿ ದಿಲ್ಲಿಯಲ್ಲಿ ಇನ್ನೊಂದಕ್ಕೆ ಮತ ಹಾಕುತ್ತಾರಲ್ಲ, ಏಕೆ? (ಲಿಂಗಸುಗೂರಿನ ಓದುಗರು)

ಉತ್ತರ: ಕಾರಣ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ ಮೀರಿ ಮತ ಹಾಕಿದರೂ ಮತ ಹಾಕದೆ ಉಳಿದರೂ ಸದಸ್ಯತ್ವ ಹೋಗಬಹುದು. ಮೊದಲೇ ಅನುಮತಿ ಪಡೆದಿದ್ದರೆ ಅಥವಾ 15 ದಿನದೊಳಗೆ ಪಕ್ಷ ಮನ್ನಿಸಿದರೆ ಮಾತ್ರ ಪಾರು. ಆದ್ದರಿಂದ ಡಿವಿಷನ್ ಪಟ್ಟಿಯಲ್ಲಿ ಕಾಣುವುದು ಬಹುಪಾಲು ಪಕ್ಷದ ಓಟು. ಸಂಸದರ ಸ್ವಂತ ನಿಲುವು ಬೇಕಿದ್ದರೆ ಅವರ ಭಾಷಣ, ಪ್ರಶ್ನೆ, ಮಂತ್ರಿಗಳಲ್ಲದ ಸದಸ್ಯರು ಶುಕ್ರವಾರ ಮಧ್ಯಾಹ್ನ ತರುವ ಖಾಸಗಿ ಮಸೂದೆಗಳನ್ನು ನೋಡಿ. ರಾಷ್ಟ್ರಪತಿ, ಉಪರಾಷ್ಟ್ರಪತಿ ಚುನಾವಣೆಗೆ ವಿಪ್ ಇಲ್ಲ. ಆದರೆ ಅದು ಗುಪ್ತ ಮತದಾನ, ಯಾರು ಯಾರಿಗೆ ಹಾಕಿದರೆಂದು ನಮಗೆ ತಿಳಿಯುವುದಿಲ್ಲ.

ಪ್ರಶ್ನೆ: 2018ರ ಜುಲೈನ ಅವಿಶ್ವಾಸ ನಿರ್ಣಯದ ಪಟ್ಟಿಯಲ್ಲಿ ಬಳ್ಳಾರಿ ಸಂಸದರ ಹೆಸರೇ ಇಲ್ಲ. ತಪ್ಪಿಸಿಕೊಂಡರೇ? (ಬಳ್ಳಾರಿಯ ಓದುಗರು)

ಉತ್ತರ: ಆಗ ಬಳ್ಳಾರಿಗೆ ಸಂಸದರೇ ಇರಲಿಲ್ಲ. 2014ರಲ್ಲಿ ಗೆದ್ದಿದ್ದ ಬಿ. ಶ್ರೀರಾಮುಲು 2018ರ ಮೇನಲ್ಲಿ ಮೊಳಕಾಲ್ಮುರು ಶಾಸಕರಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟಿದ್ದರು. ನವೆಂಬರ್‌ನ ಉಪಚುನಾವಣೆಯಲ್ಲಿ ವಿ.ಎಸ್. ಉಗ್ರಪ್ಪ ಗೆದ್ದರು. ಹೀಗಾಗಿ 2019ರ ಜನವರಿ 8ರಂದು ಲೋಕಸಭೆಯಲ್ಲಿ 323–3ರಿಂದ ಪಾಸಾದ, ಆರ್ಥಿಕವಾಗಿ ಹಿಂದುಳಿದವರ ಶೇ 10 ಮೀಸಲಾತಿ ಮಸೂದೆಯಲ್ಲಿ ಬಳ್ಳಾರಿಯ ಓಟು ಹುಡುಕುವವರು ಉಗ್ರಪ್ಪ ಅವರ ಹೆಸರು ನೋಡಬೇಕು. 1999ರಲ್ಲೂ ಇಂಥದ್ದೇ ಖಾಲಿ ಕಾಲ ಬಂದಿತ್ತು: ಸೋನಿಯಾ ಗಾಂಧಿ ಬಳ್ಳಾರಿ, ಅಮೇಠಿ ಎರಡರಲ್ಲೂ ಗೆದ್ದು ಅಮೇಠಿ ಉಳಿಸಿಕೊಂಡರು, 2000ದ ಉಪಚುನಾವಣೆಯಲ್ಲಿ ಕೋಳೂರು ಬಸವನಗೌಡ ಬಂದರು. ಪಟ್ಟಿ ತೆರೆಯುವ ಮೊದಲು ಆ ತಾರೀಖಿಗೆ ಕುರ್ಚಿಯಲ್ಲಿ ಯಾರಿದ್ದರು ಎಂದು ಚುನಾವಣಾ ಆಯೋಗದ ಫಲಿತಾಂಶದಲ್ಲಿ ನೋಡಿಕೊಳ್ಳಿ, ಉಪಚುನಾವಣೆಯದ್ದನ್ನೂ ಸೇರಿಸಿ.