ಕೊರೊನಾದಲ್ಲಿ ವಿಶೇಷ ಅಗತ್ಯದ ಮಗುವಿಗಾಗಿ ಕೆಲಸ ಬಿಟ್ಟವರು ಇದ್ದೀರಾ? ನಾನು ಈಗ ಬಿಡಬಹುದಾ?

ಮಗಳಿಗೆ ಆಟಿಸಂ ಇದೆ, ಕೊರೊನಾದಲ್ಲಿ ಸಿಕ್ಕಿದ್ದ ವರ್ಕ್ ಫ್ರಂ ಹೋಮ್ ಮುಗಿದು ಆಫೀಸಿಗೆ ಕರೀತಿದ್ದಾರೆ, ರಾಜೀನಾಮೆ ಕೊಡಲಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ 2020ರಲ್ಲೇ ಈ ಪ್ರಶ್ನೆ ಎದ್ದಿತ್ತು. ಬಿಟ್ಟಿದ್ದು ನಾನಲ್ಲ, ನಮ್ಮ ಯಜಮಾನರು.

ಮಗನಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ), ಜೊತೆಗೆ ಫಿಟ್ಸ್. ಲಾಕ್‌ಡೌನ್ ಆಗುತ್ತಲೇ ಥೆರಪಿ ಸೆಂಟರ್ ಬಾಗಿಲು ಹಾಕಿತು. ಅವನನ್ನು ನೋಡಿಕೊಳ್ಳುತ್ತಿದ್ದ ಅಕ್ಕ ಊರಿಗೆ ಹೋದವರು ಮತ್ತೆ ಬರಲೇ ಇಲ್ಲ. ಥೆರಪಿಸ್ಟ್ ವಾಟ್ಸಾಪ್ ವಿಡಿಯೋದಲ್ಲಿ ಹೇಳಿಕೊಡೋರು. ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿ, ಇವರು ಮಗನ ಮಂಡಿ ಮಡಚದಂತೆ ಹಿಡಿದು ಪಾದ ಮೇಲಕ್ಕೆ ಬಾಗಿಸಬೇಕು. ಅಲ್ಲಿಂದ ಅವರು "ಬೆರಳಲ್ಲ ಸರ್, ಹಿಮ್ಮಡಿ ಹಿಡೀರಿ" ಅಂತ ಕೂಗೋರು. ಅವನಿಗೋ ಅಳು. ಅಷ್ಟರಲ್ಲಿ ಪಾದ ಬೆಳೆದು ಸ್ಪ್ಲಿಂಟ್ (ಪಾದವನ್ನು ಸರಿಯಾಗಿ ಹಿಡಿದಿಡುವ ಗಟ್ಟಿ ಆಧಾರ) ಬಿಗಿಯಾಯಿತು, ಅದನ್ನು ಮಾಡಿಕೊಡುವವರೂ ಮುಚ್ಚಿದ್ದರು. ಇದೆಲ್ಲ ಮೀಟಿಂಗ್‌ನಲ್ಲಿ ಮೈಕ್ ಮ್ಯೂಟ್ ಮಾಡಿಕೊಂಡು ಮಾಡುವ ಕೆಲಸ ಅಲ್ಲ.

ಯಾರು ಬಿಡಬೇಕು ಅನ್ನೋದನ್ನು ಸಂಬಳ ನೋಡಿ ತೀರ್ಮಾನಿಸಲಿಲ್ಲ. ಇವರದು ಬೈಕ್ ಶೋರೂಮ್ ಕೆಲಸ, ಕಮಿಷನ್ ಬಂದ ತಿಂಗಳು ನನಗಿಂತ ಜಾಸ್ತಿಯೇ. ಆದರೆ ಮಗನ ಹೆಸರಿದ್ದ ಗ್ರೂಪ್ ಇನ್ಶೂರೆನ್ಸ್ ನನ್ನ ಕಂಪನಿಯದು. ಫಿಟ್ಸ್‌ಗೆ ಅಡ್ಮಿಟ್ ಆದರೆ ಹಳೇ ಕಾಯಿಲೆ ಅಂತ ತಕರಾರಿಲ್ಲದೆ ಬಿಲ್ ಕಟ್ಟುತ್ತಿದ್ದದ್ದು ಅದೊಂದೇ. "ಗಂಡಸು ಮನೇಲಿ ಕೂತರೆ ಹೇಗಮ್ಮ" ಅಂದ ನೆಂಟರಲ್ಲಿ ಒಬ್ಬರಾದರೂ ಮಗುವನ್ನು ಒಂದು ಮಧ್ಯಾಹ್ನ ನೋಡಿಕೊಳ್ಳುತ್ತೀನಿ ಅನ್ನಲಿಲ್ಲ, ಬಿಡಿ.

ಹಾಗಾಗಿ ನೀವು ಮೊದಲು ನೋಡಬೇಕಾದ್ದು ಮಗಳ ಇನ್ಶೂರೆನ್ಸ್ ಯಾರ ಕಂಪನಿಯದು ಅನ್ನೋದು. ನಿಮ್ಮದೇ ಆದರೆ, ಸಾಮಾನ್ಯವಾಗಿ ಕೆಲಸ ಬಿಟ್ಟ ದಿನಕ್ಕೇ ಅದು ಮುಗಿಯುತ್ತೆ. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಡ್ತಾರಾ ಅಂತ ಇನ್ನೂ ಕೆಲಸದಲ್ಲಿರುವಾಗಲೇ ವಿಚಾರಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ ಅಂಗವಿಕಲರಿಗೆ ನಡೆಸುವ ಆರೋಗ್ಯ ವಿಮೆ, ನಿರಾಮಯ ಯೋಜನೆ, ಆಟಿಸಂಗೂ ಇದೆ: ವರ್ಷಕ್ಕೆ 1 ಲಕ್ಷದವರೆಗೆ, ಮುಂಚಿತ ವೈದ್ಯಕೀಯ ತಪಾಸಣೆ ಇಲ್ಲ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು. ಆಸ್ಪತ್ರೆಗೆ ಸೇರಿಸಿದರೆ ಲಕ್ಷ ಯಾವ ಮೂಲೆಗೆ, ಆದರೂ ಮಾಡಿಸಿಡಿ. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ ತೆರಿಗೆ ಹಾಕುವ ಆದಾಯದಲ್ಲಿ 75,000, ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂ. ಕಡಿತ ಸಿಗುತ್ತೆ. ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಸಂಬಳವೇ ನಿಂತರೆ ಅದೂ ಅಷ್ಟಕ್ಕಷ್ಟೇ.

ಕೇಂದ್ರ ಸರ್ಕಾರಿ ನೌಕರಿಯಾಗಿದ್ದರೆ ತಾಯಿಗೆ 730 ದಿನಗಳ ಶಿಶುಪಾಲನಾ ರಜೆ ಇದೆ, ಅಂಗವಿಕಲ ಮಗುವಿಗೆ 18 ವರ್ಷದ ಮಿತಿಯೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ರಜೆ ಸಿಗದ ಹಿಮಾಚಲದ ಕಾಲೇಜು ಅಧ್ಯಾಪಕಿಯೊಬ್ಬರ ಅರ್ಜಿಯಲ್ಲಿ, ನಿಯಮವನ್ನು ಮರುಪರಿಶೀಲಿಸಲು ಆ ರಾಜ್ಯಕ್ಕೆ ಹೇಳಿತು. ಖಾಸಗಿಯಲ್ಲಿ ಎಲ್ಲವೂ ಮ್ಯಾನೇಜರ್ ಮರ್ಜಿ.

ಆದ್ದರಿಂದ ರಾಜೀನಾಮೆಗೆ ಮುಂಚೆ ಎಚ್‌ಆರ್‌ಗೆ ಈಮೇಲ್ ಹಾಕಿ, ಬಾಯಿಮಾತು ಬೇಡ. "ಮಗಳಿಗೆ ತೊಂದರೆ ಇದೆ" ಅಂದರೆ ಅಯ್ಯೋ ಪಾಪ ಅಂತಾರೆ, ಅಷ್ಟೇ. "ಮಂಗಳವಾರ, ಗುರುವಾರ ಥೆರಪಿ, ಆ ಎರಡು ದಿನ ಮನೆಯಿಂದ ಕೆಲಸ ಮಾಡ್ತೀನಿ, ಲಾಗಿನ್ ಇಷ್ಟು ಗಂಟೆಗೆ" ಅಂತ ಬರೆದರೆ ಹೂಂ ಅಥವಾ ಉಹೂಂ ಅನ್ನಲೇಬೇಕಾಗುತ್ತೆ.