ಶಾಲೆ ಬಸ್ಸಿನ ಹೊತ್ತಿಗೇ ಬರುವ ಹೊಟ್ಟೆನೋವು

ಪ್ರಶ್ನೆ: ಮಗನಿಗೆ ಎಂಟು ವರ್ಷ. ನಾಲ್ಕು ತಿಂಗಳಿಂದ ಶಾಲೆಗೆ ಹೊರಡುವಾಗ ಹೊಟ್ಟೆನೋವು ಅಂತ ಅಳುತ್ತಾನೆ. ಭಾನುವಾರ ನೋವೇ ಇರುವುದಿಲ್ಲ. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಈಗ ಮಕ್ಕಳ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲೇ ವಾರಕ್ಕೆರಡು ದಿನ ಕೂರುವ ಮನಶ್ಶಾಸ್ತ್ರಜ್ಞೆಗೆ ತೋರಿಸಿ ಅಂದಿದ್ದಾರೆ. ‘ಹುಡುಗನಿಗೆ ತಲೆ ಕೆಟ್ಟಿದೆಯೇನು?’ ಅಂತ ಅತ್ತೆ ರೇಗುತ್ತಿದ್ದಾರೆ. ಅವನು ನಾಟಕ ಮಾಡುತ್ತಿದ್ದಾನಾ? ಹೋಗಲೇಬೇಕಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಾಟಕವಲ್ಲ. ಅದನ್ನು ಮೊದಲು ಮನೆಯವರಿಗೆಲ್ಲ ಹೇಳಿಬಿಡಿ. ಹೆದರಿದಾಗ ಹೊಟ್ಟೆ ತೊಳೆಸಿತು, ಕರುಳು ಕಿವುಚಿತು ಅನ್ನುತ್ತೇವಲ್ಲ, ಅದು ಬರೀ ಮಾತಲ್ಲ. ಕರುಳಿಗೂ ಮಿದುಳಿಗೂ ನರಗಳ ನಂಟಿದೆ; ಆತಂಕವಾದಾಗ ಕರುಳಿನ ಮಾಮೂಲಿ ಚಲನೆಯೂ ನೋವಾಗಿ ಕಾಡಬಹುದು. 1958ರಲ್ಲೇ ಬ್ರಿಟನ್ನಿನ ಮಕ್ಕಳ ವೈದ್ಯ ಜಾನ್ ಆ್ಯಪ್ಲಿ ಮತ್ತು ಅವರ ಸಹೋದ್ಯೋಗಿ ಸಾವಿರ ಶಾಲಾಮಕ್ಕಳನ್ನು ಗಮನಿಸಿ, ಸುಮಾರು ಹತ್ತರಲ್ಲೊಬ್ಬರಿಗೆ ಹೀಗೆ ಮತ್ತೆ ಮತ್ತೆ ಹೊಟ್ಟೆನೋವು ಬರುತ್ತದೆ ಎಂದು ಬರೆದಿದ್ದರು.

ನಾನೂ ಮಕ್ಕಳ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ, ಅವರ ಪಕ್ಕದ ಕೋಣೆಯಲ್ಲಿ ಕೂರುವ ಮನಶ್ಶಾಸ್ತ್ರಜ್ಞೆ. ‘ಮನಸ್ಸಿನ ಡಾಕ್ಟರಿಗೆ ತೋರಿಸಿ’ ಎಂದು ಚೀಟಿ ಬರೆದುಕೊಟ್ಟರೆ ಅದು ಹೆಚ್ಚಾಗಿ ಪರ್ಸಿನಲ್ಲೇ ಉಳಿಯುತ್ತದೆ. ಅದಕ್ಕೇ ನಮ್ಮ ಡಾಕ್ಟರು ಮಗುವಿನ ಕೈಹಿಡಿದು ನನ್ನ ಬಾಗಿಲವರೆಗೆ ತಾವೇ ಕರೆತರುತ್ತಾರೆ. ಹೊರಗೆ ಅದೇ ಬೆಂಚು, ಅದೇ ತೂಕದ ಯಂತ್ರ. ಯಾರು ಜ್ವರಕ್ಕೆ ಬಂದರು, ಯಾರು ಚುಚ್ಚುಮದ್ದಿಗೆ ಬಂದರು, ಯಾರು ನನ್ನ ಹತ್ತಿರ ಬಂದರು ಅಂತ ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ.

ಒಳಗೇನು ನಡೆಯುತ್ತದೆ? ಹಾಳೆಯ ಮೇಲೆ ಒಂದು ಮನುಷ್ಯನ ಆಕಾರ ಬರೆದು, ನೋವಿರುವಲ್ಲಿ ಬಣ್ಣ ಹಚ್ಚು ಅನ್ನುತ್ತೇನೆ. ಒಬ್ಬ ಹುಡುಗಿ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಹೊಟ್ಟೆಗೆ ಕೆಂಪು ಹಚ್ಚಿದವಳು, ಸ್ವಲ್ಪ ಹೊತ್ತು ಸುಮ್ಮನಿದ್ದು ಗಂಟಲಿಗೂ ಹಚ್ಚಿದಳು. ಪಾಠ ಗಟ್ಟಿಯಾಗಿ ಓದಿಸಿದಾಗ ಗೊತ್ತಾಯಿತು: ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿದ್ದಳು. ತರಗತಿಯಲ್ಲಿ ಎದ್ದು ನಿಂತು ಓದುವ ಸರದಿಯೇ ಅವಳ ಹೊಟ್ಟೆನೋವು. ಟೀಚರ್ ಜೊತೆ ಮಾತಾಡಿ ಆ ಸರದಿ ಕೆಲಕಾಲ ತಪ್ಪಿಸಿದೆವು, ಓದಿಗೆ ಬೇರೆ ನೆರವು ಶುರುಮಾಡಿದೆವು. ನಿಮ್ಮ ಮಗನದು ಬೇರೆಯೇ ಇರಬಹುದು: ಬಸ್ಸಿನಲ್ಲಿ ಯಾರೋ ಕೀಟಲೆ ಮಾಡುವುದು, ಶಾಲೆಯ ಶೌಚಾಲಯಕ್ಕೆ ಹೋಗಲು ಹಿಂಜರಿಕೆ.

ನಾವು ಮನಶ್ಶಾಸ್ತ್ರಜ್ಞರು ಔಷಧಿ ಬರೆಯುವುದಿಲ್ಲ, ಆ ಭಯ ಬೇಡ. ಸದ್ಯಕ್ಕೆ ಬೆಳಿಗ್ಗೆ ಎದ್ದ ಕೂಡಲೇ ‘ಇವತ್ತು ನೋವಿದೆಯಾ?’ ಎಂದು ಕೇಳುವುದನ್ನು ನಿಲ್ಲಿಸಿ. ನೋವೆಂದರೆ ನಂಬಿ, ಬೆನ್ನು ಸವರಿ, ಆದರೂ ಶಾಲೆಗೆ ಕಳಿಸಿ. ಯಾರೋ ಹೊಡೆಯುತ್ತಾರೆ, ಮೈ ಮುಟ್ಟುತ್ತಾರೆ ಎಂಬ ಸುಳಿವು ಸಿಕ್ಕರೆ ಮಾತ್ರ ಕಳಿಸದೆ ಮೊದಲು ಅದನ್ನು ವಿಚಾರಿಸಿ. ತೀರಾ ಆಗದೆ ಮನೆಯಲ್ಲುಳಿದ ದಿನ ಟಿವಿ, ಮೊಬೈಲ್ ಬೇಡ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಹಸಿರು ವಾಂತಿ, ಬಿಡದ ಜ್ವರ ಕಂಡರೆ ಮಾತ್ರ ತಡಮಾಡದೆ ಮತ್ತೆ ಮಕ್ಕಳ ಡಾಕ್ಟರಿಗೇ ತೋರಿಸಬೇಕು.

ಮನಶ್ಶಾಸ್ತ್ರಜ್ಞೆಯನ್ನು ಕಾಣುವವರೆಗೆ ಫೋನಿನಲ್ಲೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಉಚಿತ, ಕನ್ನಡದಲ್ಲೂ ಸಿಗುತ್ತದೆ.

ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮಗ ರಾತ್ರಿ ಅಜ್ಜಿ ಪಕ್ಕ ಮಲಗುವವನಾದರೆ, ಶಾಲೆಯ ಸುದ್ದಿ ನಿಮಗಿಂತ ಮೊದಲು ಅವರ ಕಿವಿಗೆ ಬಿದ್ದಿರಲೂಬಹುದು.